ನನ್ನ ತಮ್ಮನ ಸೊಂಟದ ಪಿಸ್ತೂಲು

ನನ್ನ ತಮ್ಮ ಪಿಸ್ತೂಲು ಕಟ್ಟಿಕೊಂಡು ಮೊದಲ ಸಲ ನಮ್ಮ ಮನೆಗೆ ಬಂದ ದಿನವೇ ಅದು ಕಕ್ಕಸಿನ ಬಕೀಟಿಗೆ ಬಿತ್ತು. ಸೊಂಟದಲ್ಲಿ ಪಿಸ್ತೂಲು ಇಟ್ಟುಕೊಂಡು ಕುಕ್ಕರಗಾಲಲ್ಲಿ ಕೂರುವುದು ಹೇಗೆ ಎಂದು ಲೈಸೆನ್ಸು ಕೊಟ್ಟವರು ಅವನಿಗೆ ಹೇಳಿಕೊಟ್ಟಿರಲಿಲ್ಲ. ಬೆಲ್ಟು ಸಡಿಲ ಮಾಡಿದ, ಪೌಚು ಜಾರಿತು, ಪಿಸ್ತೂಲು ನೀರಿಗೆ ಬಿತ್ತು. ಒಳಗಿಂದ "ಅಕ್ಕಾ, ಅಕ್ಕಾ" ಎಂದು ಕೂಗಿಕೊಂಡ. ಹಾವು ಕಚ್ಚಿತೇನೋ ಎಂದು ಓಡಿದೆ. ಬಾಗಿಲ ಸಂದಿಯಿಂದ ಕೈ ಹೊರಗೆ ಬಂತು. ಕೈಯಲ್ಲಿ ಕರ್ರಗಿನ ಒದ್ದೆ ಕಬ್ಬಿಣ.

"ಒರೆಸಿ ಬಿಸಿಲಿಗಿಡು. ಹಿಡಿಕೆ ಬಿಟ್ಟು ಬೇರೆ ಏನೂ ಮುಟ್ಬೇಡ" ಅಂದ.

ನಾನು ಮುಟ್ಟಲೇ ಇಲ್ಲ. "ನೀನು ಹುಟ್ಟಿದಾಗ್ಲಿಂದ ನಿನ್ನ ತೊಳ್ದಿದ್ದು ಸಾಕು, ಇದ್ನ ನೀನೇ ತೊಳ್ಕ" ಎಂದು ಬಂದುಬಿಟ್ಟೆ. ಆಮೇಲೆ ಅವನೇ ಅದನ್ನು ಬಿಚ್ಚಿ, ಅಂಗಳದಲ್ಲಿ ನಾನು ಮೆಣಸಿನಕಾಯಿ ಒಣಹಾಕಿದ್ದ ಚಾಪೆಯ ಒಂದು ಮೂಲೆಯಲ್ಲಿ ತುಂಡು ತುಂಡಾಗಿ ಹರವಿದ. ಮಧ್ಯಾಹ್ನದವರೆಗೂ ಪಕ್ಕದಲ್ಲೇ ಕೋಲು ಹಿಡಿದು ಕೂತಿದ್ದ, ಕೋಳಿ ಕೆದಕೀತು ಎಂದು. ಪ್ರಾಣ ಕಾಯಲು ತಂದ ಪಿಸ್ತೂಲನ್ನು ಕೋಳಿಯಿಂದ ಕಾಯಲು ಕೋಲು ಬೇಕಾಯಿತು.

ನಾವು ಮೊಳಕಾಲ್ಮೂರಿನ ನೇಯ್ಗೆಯವರು. ನನ್ನ ತಮ್ಮನೂ ಇದೇ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಬೆಳೆದವನೇ. ಸೊಂಟನೋವು ಎಂದು ಮಗ್ಗ ಬಿಟ್ಟು ಚಳ್ಳಕೆರೆಗೆ ಹೋದ. ಅಲ್ಲಿ ಸೈಟು ತೋರಿಸುವುದು, ಮಾರಿಸುವುದು ಅವನ ಕೆಲಸ. ಸೊಂಟನೋವಿಗೆ ಮಗ್ಗ ಬಿಟ್ಟವನು ಅದೇ ಸೊಂಟಕ್ಕೆ ಒಂದು ಸೇರು ತೂಕದ ಕಬ್ಬಿಣ ಕಟ್ಟಿಕೊಂಡ. ಜೀವಭಯ ಇದೆ ಎಂದು ಅರ್ಜಿ ಬರೆದುಕೊಟ್ಟು, ಆಫೀಸುಗಳಿಗೆ ಎರಡು ವರ್ಷ ಅಲೆದು ಲೈಸೆನ್ಸು ತಂದ. ಯಾರಿಂದ ಭಯ ಎಂದು ಕೇಳಿದರೆ "ಅದೆಲ್ಲ ನಿಂಗೆ ತಿಳಿಯಲ್ಲಕ್ಕಾ" ಅಂದ. ಅವನ ಬೀದಿಯಲ್ಲಿ ಅವನನ್ನು ಕಂಡರೆ ಬೊಗಳುವ ಒಂದು ನಾಯಿ ಇರುವುದು ನನಗೆ ಗೊತ್ತು. ಬೇರೆ ಯಾರೂ ಗೊತ್ತಿಲ್ಲ.

ಜನರ ಮುಂದೆ ಮೆರೆಸಬೇಡ, ಮುಚ್ಚಿಟ್ಟುಕೋ ಎಂದು ಪೊಲೀಸರೇ ಹೇಳಿ ಕಳಿಸಿದ್ದರಂತೆ. ಇವನು ಮುಚ್ಚಿದ್ದು ಹೇಗೆ ಗೊತ್ತೇ? ಈರುಳ್ಳಿ ಸಿಪ್ಪೆಯಂಥ ಬಿಳಿ ಅಂಗಿ ಹೊಲಿಸಿದ. ಅದನ್ನು ಪ್ಯಾಂಟಿನೊಳಗೆ ಸಿಕ್ಕಿಸಿ, ಪೌಚನ್ನು ಬಲಗಡೆ ಹೊರಗೆ ಬಿಟ್ಟ. ಮಾತಾಡುವಾಗಲೆಲ್ಲ ಬಲಗೈ ಅಲ್ಲಿಗೇ ಹೋಗುವುದು, ಹೊಸ ಮದುವೆಯ ಹೆಣ್ಣು ತಾಳಿ ಮುಟ್ಟಿ ನೋಡಿಕೊಂಡ ಹಾಗೆ.

ಪಿಸ್ತೂಲು ಕಟ್ಟಿದವನ ಪಾಡು ಏನೆಂದು ಕಟ್ಟದವರಿಗೆ ತಿಳಿಯುವುದಿಲ್ಲ. ನಾನು ನೋಡಿದ್ದೇನೆ. ನನ್ನಿವಾಳದಲ್ಲಿ ನೆಂಟರ ಮದುವೆ. ನೆಲದ ಮೇಲೆ ಪಂಕ್ತಿ ಕೂತಿದ್ದೆವು. ಎಲ್ಲರೂ ಚಕ್ಕಳಮಕ್ಕಳ ಹಾಕಿ ಕೂತರೆ ಇವನೊಬ್ಬ ಬಲಗಾಲು ಮುಂದಕ್ಕೆ ಚಾಚಿಕೊಂಡು, ಕಾಲು ಮುರಿದ ಕುರಿಯ ಹಾಗೆ ಕೂತ. ಮಡಿಸಿದರೆ ಪೌಚು ಹೊಟ್ಟೆಗೆ ಚುಚ್ಚುತ್ತದಂತೆ. ಸಾರು ಬಡಿಸುವವನು ಆ ಕಾಲನ್ನು ದಾಟಲಾರದೆ ಇವನ ಎಲೆಯನ್ನೇ ಬಿಟ್ಟು ಮುಂದೆ ಹೋದ. ಪಕ್ಕದಲ್ಲಿ ಕೂತಿದ್ದ ಮುದುಕ ಒಂದು ತುತ್ತು ತಿಂದು ಇವನ ಸೊಂಟ ನೋಡಿದ, ಇನ್ನೊಂದು ತುತ್ತು ತಿಂದು ನೋಡಿದ, ಮೂರನೇ ತುತ್ತಿಗೆ ಎಲೆ ಎತ್ತಿಕೊಂಡು ಆ ಕಡೆ ತುದಿಗೆ ಹೋಗಿ ಕೂತ.

ಗುಡಿಗೆ ಹೋದರೆ ತೊಗಲು ಒಳಗೆ ಬರುವ ಹಾಗಿಲ್ಲ. ಬಿಚ್ಚಿಟ್ಟು ಹೋದರೆ ಯಾರಾದರೂ ಎತ್ತಿಕೊಂಡಾರು, ಕಳೆದರೆ ಜೈಲು ಎಂಬ ಭಯ. ಹಾಗಾಗಿ ಇವನು ಚಪ್ಪಲಿ ರಾಶಿಯ ಪಕ್ಕ ನಿಂತು ಅಲ್ಲಿಂದಲೇ ಕೈ ಮುಗಿಯುತ್ತಿದ್ದ. ಒಂದು ಸಲ ಯಾರೋ ಇವನನ್ನು ಚಪ್ಪಲಿ ಕಾಯುವವನೆಂದು ತಿಳಿದು "ಇವೆರಡು ಜೊತೆ ನೋಡ್ಕೊಳಪ್ಪ" ಎಂದು ಹೇಳಿ ಹೋದರು. ನೋಡಿಕೊಂಡ ಕೂಡ.

ಬೇಸಿಗೆಯಲ್ಲಿ ಪೌಚಿನ ಅಡಿ ಬೆವರುಸಾಲೆ ಎದ್ದು ಚರ್ಮ ಕಿತ್ತುಬರುತ್ತಿತ್ತು. ಅವನ ಹೆಂಡತಿ ದಿನಾ ಬೆಳಿಗ್ಗೆ ಕೂಸಿಗೆ ಹಚ್ಚುವ ಪೌಡರು ಹಚ್ಚಿ ಕಳಿಸುತ್ತಿದ್ದಳು. ಬಸ್ಸಿನಲ್ಲಿ ಮೂವರ ಸೀಟಿನಲ್ಲಿ ಇಬ್ಬರೇ ಕೂರುತ್ತಿದ್ದರು. ಅವನು ಅದನ್ನು ಮರ್ಯಾದೆ ಅಂದುಕೊಂಡಿದ್ದ.

ಇವಕ್ಕೆಲ್ಲ ನಕ್ಕು ಬಿಡಬಹುದು. ಸಾವಿನ ಮನೆಗೆ ಕಟ್ಟಿಕೊಂಡು ಬಂದದ್ದಕ್ಕೆ ಮಾತ್ರ ನಾನು ಬೈದೆ. ನಮ್ಮ ಚಿಕ್ಕಪ್ಪ ತೀರಿಕೊಂಡಿದ್ದ. ಬಂದವರೆಲ್ಲ ಹೆಣದ ಮುಖ ನೋಡುವ ಬದಲು ಇವನ ಸೊಂಟ ನೋಡುತ್ತಿದ್ದರು. "ಸತ್ತೋನ್ನ ಮತ್ತೆ ಸುಡೋಕೆ ಬಂದ್ಯೇನ್ಲೇ?" ಅಂದೆ. ಅದಕ್ಕೂ ಅವನ ಉತ್ತರ ಒಂದೇ: "ಕಾನೂನು ಪ್ರಕಾರ ಮೈಮೇಲೇ ಇರ್ಬೇಕು ಅಕ್ಕ." ಅವನ ಕಾನೂನು ಅವನಿಗೆ ಬೇಕಾದ ಕಡೆ ಮಾತ್ರ ಇರುತ್ತಿತ್ತು. ಪರಶುರಾಂಪುರದ ಕಡೆ ಹೋದಾಗ ನೋಡಿ, ಇನ್ನೂರು ಕುರಿಗಳ ಹಿಂದೆ ಒಬ್ಬ ಮುದುಕ ಒಂದು ಕೋಲು, ಒಂದು ನಾಯಿ ಇಟ್ಟುಕೊಂಡು ತೋಳನಿಗೆ ಹೆದರದೆ ಹೊಲದಲ್ಲಿ ಮಲಗುತ್ತಾನೆ. ಇವನು ಒಂದು ಹೊಟ್ಟೆ ಕಾಯಲು ಆರು ಗುಂಡು ತುಂಬಿಕೊಂಡಿದ್ದ.

ಇಷ್ಟಾದರೂ ಅದು ಅವನ ಸೊಂಟ, ಅವನ ಬೆವರುಸಾಲೆ ಎಂದು ಬಿಟ್ಟಿದ್ದೆ. ನನ್ನ ಮಗಳ ಸಂಬಂಧದ ಮಾತು ಬಂದಾಗ ಬಿಡಲಾಗಲಿಲ್ಲ.

ನನಗೆ ಇಬ್ಬರು ಹೆಣ್ಣು. ದೊಡ್ಡವಳನ್ನು ಆಂಧ್ರದ ಕಡೆ ಕೊಟ್ಟಾಗಿತ್ತು. ಚಿಕ್ಕವಳು ನಾನು ಇನ್ನು ಹೆರುವುದಿಲ್ಲ ಅಂದುಕೊಂಡ ಮೇಲೆ ಹುಟ್ಟಿದವಳು. ಗಂಡ ಸತ್ತಾಗ ಮಗ್ಗದಲ್ಲಿ ಅರ್ಧ ನೇಯ್ದ ಸೀರೆ ಹಾಗೇ ನಿಂತಿತ್ತು. ನಮ್ಮಲ್ಲಿ ಹೆಂಗಸರು ಲಾಳಿಯೊಳಗಿಡುವ ಕಂಡಿಕೆಗೆ ರೇಷ್ಮೆ ಸುತ್ತುತ್ತಾರೆ, ಕುಣಿಗೆ ಇಳಿಯುವುದಿಲ್ಲ. ತಿಥಿ ಮುಗಿದ ಮಾರನೇ ದಿನ ಈ ಹುಡುಗಿ ಯಾರನ್ನೂ ಕೇಳದೆ ಕುಣಿಗೆ ಇಳಿದು ಲಾಳಿ ಎಸೆದಳು. ಮೊದಲ ಗೇಣು ಸೊಟ್ಟ ಬಂತು. ಬಿಚ್ಚಿ ಮತ್ತೆ ನೇಯ್ದಳು. ಆ ಸೀರೆ ಅವಳೇ ಮುಗಿಸಿದಳು. ಆಮೇಲೆ ಅವಳನ್ನು ಎಬ್ಬಿಸಲು ಆಗಲಿಲ್ಲ. ಅವಳ ಕೈಯ ಅಂಚು ಅವರಪ್ಪನದಕ್ಕಿಂತ ನೇರ. ಇದನ್ನು ಹೊಗಳಿಕೆಗೆ ಹೇಳುತ್ತಿಲ್ಲ. ಕೊಳ್ಳುವವರೇ ಹೇಳಿದ್ದು.

ನೋಡಲು ಬಂದ ಮೂರು ಮನೆಯವರೂ ಇದನ್ನೇ ಹಿಡಿದರು. ಗಂಡಸಿನ ಹಾಗೆ ಮಗ್ಗಕ್ಕೆ ಕೂರುವ ಹುಡುಗಿ ನಮಗೆ ಬೇಡ, ಮದುವೆಯಾದ ಮೇಲೆ ಬಿಡಬೇಕು ಎಂದರು. ಇವಳು "ಬಿಡಲ್ಲ" ಅಂದಳು. ಮೂರು ಸಲವೂ ಅಷ್ಟೇ ಅಂದಳು, ಅದಕ್ಕೆ ಹೆಚ್ಚು ಒಂದು ಮಾತಿಲ್ಲ. ನಾಲ್ಕನೆಯದು ನಮ್ಮ ಊರಿನದೇ, ನಾಲ್ಕು ಬೀದಿ ಆಚೆ. ಆ ಮನೆಯಲ್ಲಿ ಹುಡುಗನ ಅಪ್ಪ ಅವ್ವ ಇದ್ದರೂ ಮಾತೆಲ್ಲ ಅಜ್ಜ ಅಜ್ಜಿಯದು. ಅಜ್ಜಿ ನಲ್ಲಿಯ ಹತ್ತಿರ ನನ್ನ ಬಿಂದಿಗೆ ತಡೆದು ನಿಲ್ಲಿಸಿ ಹೇಳಿದಳು: "ನಮ್ಮನೇಲಿ ಎರಡು ಮಗ್ಗ ಐತೆ. ಒಂದ್ರಾಗೆ ಮೊಮ್ಮಗ ಕೂರ್ತಾನೆ. ಇನ್ನೊಂದು ಜೇಡರ ಬಲೆ ಕಟ್ಟೈತೆ. ನಿನ್ ಮಗಳು ಬಂದು ಕೂತ್ಕಳ್ಳಲಿ."

ನಾನು ಮನೆಗೆ ಬಂದು ಹೇಳಿದೆ. ಮಗಳು ಲಾಳಿ ನಿಲ್ಲಿಸಿ ಕೇಳಿದ್ದು ಒಂದೇ ಮಾತು. "ಆ ಮಗ್ಗ ಕಿಟಕಿ ಕಡೆ ಐತಾ, ಗೋಡೆ ಕಡೆ ಐತಾ?"

"ಕಿಟಕಿ ಕಡೆ."

"ಹಂಗಾದ್ರೆ ಆಗ್ಲಿ" ಅಂದಳು. ಹುಡುಗನ ಬಗ್ಗೆ ಏನೂ ಕೇಳಲಿಲ್ಲ. ಹುಡುಗನನ್ನು ಮೊದಲೇ ನೋಡಿಕೊಂಡಿದ್ದಳು ಎಂದು ಆಮೇಲೆ ತಿಳಿಯಿತು.

ಅಷ್ಟಕ್ಕೆ ಮುಗಿದಿದ್ದರೆ ಚೆನ್ನಾಗಿತ್ತು. ಎಂಟು ದಿನ ಬಿಟ್ಟು ಅಜ್ಜಿ ಮತ್ತೆ ನಲ್ಲಿಯ ಹತ್ತಿರ ಹಿಡಿದಳು. ಈ ಸಲ ಮುಖ ಸಪ್ಪಗಿತ್ತು.

"ನಿನ್ ತಮ್ಮ ಸೊಂಟದಾಗೆ ಪಿಸ್ತೂಲು ಕಟ್ಕೊಂಡು ತಿರುಗ್ತಾನಂತಲ್ಲ. ನಮ್ಮ ಯಜಮಾನರು ಕೇಳ್ತಾರೆ, ಆ ಮನೇಗೆ ಯಾರ್ ಮೇಲೆ ಹಗೆ ಐತೆ ಅಂತ. ಹೆಣ್ಣು ತಂದ್ಕಳ್ಳಾಣ, ಹೆಣ್ಣಿನ ಜತೀಗೆ ಹಗೆ ಯಾಕೆ ತಂದ್ಕಳ್ಳಾಣ ಅಂತಾರೆ."

"ಹಗೇನೂ ಇಲ್ಲ ಏನೂ ಇಲ್ಲ ದೊಡ್ಡವ್ವ. ಅವನಿಗೆ ಅದೊಂದು ಚಟ. ಕೆಲವರು ಬೀಡಿ ಸೇದ್ತಾರೆ."

"ಬೀಡಿ ಸೇದೋನ್ನ ಮನೆ ಒಳಗೆ ಕೂರಿಸ್ಬೋದು" ಅಂದಳು.

ಮುದುಕ ಹೇಳಿದ್ದರಲ್ಲಿ ತಪ್ಪಿಲ್ಲ. ಕೊಡಲಿ ಹಿಡಿದವನು ಸೌದೆ ಒಡೆಯಲು ಹೊರಟ, ಕುಡುಗೋಲು ಹಿಡಿದವನು ಹೊಲಕ್ಕೆ ಹೊರಟ ಎಂದು ತಿಳಿಯುತ್ತದೆ. ಪಿಸ್ತೂಲು ಕಟ್ಟಿಕೊಂಡು ನೆಂಟರ ಮನೆಗೆ ಬಂದವನು ಯಾತಕ್ಕೆ ಬಂದ ಎಂದು ಯಾರು ತಿಳಿಯಬೇಕು?

ತಮ್ಮನನ್ನು ಬಿಟ್ಟು ಮಾತು ಮುಗಿಸೋಣ ಎಂದರೆ ಅದೂ ಆಗದು. ನಮ್ಮಲ್ಲಿ ಹೆಣ್ಣಿನ ಮೇಲೆ ಮೊದಲ ಹಕ್ಕು ಸೋದರಮಾವನದು. ಅವನಿಗೆ ಮದುವೆಯಾಗಿ ಮಕ್ಕಳು ದೊಡ್ಡವರಾಗಿದ್ದರೂ ಸರಿ, ಗಂಡಿನ ಮನೆಯಲ್ಲಿ ನಿಂತು "ಬೇರೆ ಕಡೆ ಕೊಡೋದಕ್ಕೆ ನನ್ನ ತಕರಾರಿಲ್ಲ" ಎಂದು ಬಾಯಿಬಿಟ್ಟು ಹೇಳಿ, ಅವನ ಕೈಯಿಂದಲೇ ತಾಂಬೂಲ ಕೊಡಬೇಕು. ಅದೂ ಮಗ್ಗದ ಮುಂದೆ. ನೇಯುವವರ ಮನೆಯಲ್ಲಿ ದೊಡ್ಡ ಕೋಣೆ ಎಂದರೆ ಮಗ್ಗದ ಕೋಣೆಯೇ. ಅಲ್ಲಿಗೆ ಚಪ್ಪಲಿ ಬೆಲ್ಟು ಯಾವ ತೊಗಲೂ ಹೊಸಿಲು ದಾಟುವುದಿಲ್ಲ. ನಮ್ಮ ಮನೆಗೆ ಬಂದಾಗ ನನ್ನ ತಮ್ಮ ಅಡುಗೆ ಕೋಣೆಯಲ್ಲೇ ಕೂರುತ್ತಿದ್ದುದು ಅದಕ್ಕೇ. ಬಿಚ್ಚಲು ಮನಸ್ಸಿಲ್ಲ, ಒಳಗೆ ಬರಲು ನಾನು ಬಿಡುತ್ತಿರಲಿಲ್ಲ.

ಒಂದು ತಿಂಗಳು ಹಾಗೇ ಹೋಯಿತು. ಆ ಕಡೆಯವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮಗಳು ಲಾಳಿ ಎಸೆಯುವ ಸದ್ದು ಜೋರಾಯಿತು. ನಾನು ಏನೂ ಕೇಳಲಿಲ್ಲ, ಸದ್ದೇ ಹೇಳುತ್ತಿತ್ತು.

ಅಷ್ಟರಲ್ಲಿ ಎಲೆಕ್ಷನ್ ಬಂತು. ಒಂದು ಬೆಳಿಗ್ಗೆ ತಮ್ಮನ ಹೆಂಡತಿ ಫೋನು ಮಾಡಿದಳು.

"ಅತ್ತಿಗೆ, ನಿಮ್ ತಮ್ಮ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ."

"ಯಾಕೆ, ಜ್ವರಾನಾ?"

"ಜ್ವರ ಅಲ್ಲ. ಪಿಸ್ತೂಲು ಸ್ಟೇಷನ್‌ಗೆ ಕೊಟ್ಟು ಬಂದವ್ರೆ. ಎಲೆಕ್ಷನ್ ಟೈಮ್‌ನಾಗೆ ಲೈಸೆನ್ಸ್ ಇದ್ದೋರೆಲ್ಲ ಕೊಡ್ಬೇಕಂತೆ. ಎಣಿಕೆ ಮುಗಿಯೋತಂಕ ವಾಪಸ್ ಕೊಡಲ್ವಂತೆ. ಮನೇಲೇ ಕೂತವ್ರೆ, ಹಲ್ಲು ಕಿತ್ತಿಸ್ಕೊಂಡೋರ ತರ."

"ಪೌಡರ್ ಹಚ್ಚಿ ಮಲಗ್ಸು" ಎಂದು ಫೋನು ಇಟ್ಟೆ. ಬಿಂದಿಗೆ ಕೂಡ ತೆಗೆದುಕೊಳ್ಳದೆ ಸೀದಾ ಗಂಡಿನ ಮನೆಗೆ ನಡೆದೆ. ಯಾವ ಪಂಚಾಂಗದವರೂ ಹೇಳದ ಮುಹೂರ್ತ ಸಿಕ್ಕಿತ್ತು. "ನನ್ ತಮ್ಮನ ಹತ್ರ ಈಗ ಪಿಸ್ತೂಲು ಇಲ್ಲ. ಈ ಗುರುವಾರ ತಾಂಬೂಲ ಮುಗಿಸಾಣ" ಅಂದೆ. ಅಜ್ಜಿ ನನ್ನ ಮುಖ ನೋಡಿದಳು. "ನಿಜ ಹೇಳ್ತೀಯಾ?" "ನನ್ ಮಗಳ ಮಗ್ಗದ ಮೇಲೆ ಆಣೆ" ಅಂದೆ. ನಾನು ಆಣೆ ಮಾಡುವವಳಲ್ಲ, ಅವತ್ತು ಮಾಡಿದೆ.

ಗುರುವಾರ ಬೆಳಿಗ್ಗೆ ತಮ್ಮ ಬಸ್ಸಿನಿಂದ ಇಳಿದ. ಬಿಳಿ ಅಂಗಿ, ಒಳಗೆ ಸಿಕ್ಕಿಸಿದ್ದ. ಬಲಗಡೆ ಸೊಂಟದಲ್ಲಿ ಪೌಚು. ಅದು ಉಬ್ಬಿಕೊಂಡಿತ್ತು.

"ಸ್ಟೇಷನ್‌ಗೆ ಕೊಟ್ಟಿಲ್ವೇನೋ?" ಎಂದು ಕೇಳಿದೆ.

"ನನಗೆ ಸ್ಪೆಷಲ್ ಪರ್ಮಿಷನ್ ಐತಕ್ಕಾ" ಎಂದು ಅತ್ತಿತ್ತ ನೋಡಿ ಹೇಳಿದ. ಆಚೆ ಗೂಡಂಗಡಿಯವರಿಗೆ ಕೇಳಿಸುವಷ್ಟು ಜೋರಾಗಿ ಹೇಳಿದ.

ಅವನು ಸುಳ್ಳು ಹೇಳುವಾಗ ಎಡಗಿವಿ ಕೆಂಪಾಗುತ್ತದೆ, ನಾಲ್ಕು ವರ್ಷದವನಿದ್ದಾಗಿನಿಂದ. ಈಗಲೂ ಕೆಂಪಾಗಿತ್ತು. ಹಾಗಾದರೆ ಪಿಸ್ತೂಲು ಠಾಣೆಯಲ್ಲೇ ಇದೆ, ಇವನು ಪೌಚಿಗೆ ಇನ್ನೇನೋ ತುರುಕಿಕೊಂಡು ಬಂದಿದ್ದಾನೆ. ಬಿಚ್ಚೋ ಎಂದೆ. ಕೇಳಲಿಲ್ಲ. ಎಲ್ಲರೂ ನನ್ನನ್ನು ಇದರಲ್ಲೇ ನೋಡಿದ್ದಾರೆ, ಖಾಲಿ ಸೊಂಟದಲ್ಲಿ ಹೋದರೆ ಪೊಲೀಸರು ಕಿತ್ತುಕೊಂಡರು ಅನ್ನುತ್ತಾರೆ ಎಂದ. ಬೀದಿಯಲ್ಲಿ ನಿಂತು ಜಗಳ ಆಡಲು ಹೊತ್ತಿರಲಿಲ್ಲ. ತಾಂಬೂಲದ ತಟ್ಟೆ ಹಿಡಿದು ಮಗಳು ಮುಂದೆ ಹೊರಟಾಗಿತ್ತು.

ಅವರ ಮನೆಯ ಹೊಸಿಲ ಹತ್ತಿರ ಅಜ್ಜಿ ನಿಂತಿದ್ದಳು. ಕಾಲಿಗೆ ನೀರು ಕೊಟ್ಟಳು. ತಮ್ಮನ ಸೊಂಟ ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ಇಲ್ಲ ಅಂದಿದ್ಯಲ್ಲ" ಅಂದಳು. ನನಗೆ ಮಾತ್ರ ಕೇಳಿಸುವ ಹಾಗೆ.

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ತಮ್ಮನ ಕಡೆ ತಿರುಗಿದಳು. "ಚಪ್ಪಲಿ ಜತೀಗೆ ಅದನ್ನೂ ಬಿಚ್ಚಿ ಕಟ್ಟೆ ಮೇಲೆ ಇಡಪ್ಪ. ಮಗ್ಗದ ಕೋಣೆ."

"ಇದನ್ನ ಬಿಚ್ಚಂಗಿಲ್ಲ ಅಜ್ಜಿ. ಕಾನೂನು ಐತೆ."

"ಹಂಗಾದ್ರೆ ಅಲ್ಲೇ ಕೂತ್ಕಳಪ್ಪ. ನಮ್ ಮನೇದೂ ಒಂದು ಕಾನೂನು ಐತೆ."

ಕೂತ. ಹೊರಗಿನ ಕಲ್ಲುಕಟ್ಟೆಯ ಮೇಲೆ ಆಡು ಕಟ್ಟಿದ್ದರು. ಅದರ ಪಕ್ಕ ಕೂತ, ಬಲಗಾಲು ಚಾಚಿಕೊಂಡು. ಹೆಣ್ಣಿನ ಸೋದರಮಾವ, ತಾಂಬೂಲ ಕೊಡಬೇಕಾದವನು, ಆಡಿನ ಜೊತೆ ಬೀದಿಯಲ್ಲಿ. ಆಡು ಅವನ ಪೌಚನ್ನು ಮೂಸಿತು. ಅವನು ಅದರ ಮೂತಿ ತಳ್ಳಿದ. ಅದು ಮತ್ತೆ ಮೂಸಿತು. ನನಗೆ ಆಗಲೇ ಗೊತ್ತಾಗಬೇಕಿತ್ತು, ಕಬ್ಬಿಣ ತೊಗಲನ್ನು ಯಾವ ಆಡು ಮೂಸುತ್ತದೆ ಎಂದು.

ಒಳಗೆ ಚಾಪೆ ಹಾಸಿದ್ದರು. ಹುಡುಗ ಮಗ್ಗದಿಂದ ಎದ್ದು ಬಂದು ಕೂತ. ಇನ್ನೊಂದು ಮಗ್ಗ, ಕಿಟಕಿಯ ಕಡೆಯದು, ಗುಡಿಸಿ ಒರೆಸಿ ಇಟ್ಟಿದ್ದರು. ಹೊಸ ಹಾಸು ಹೂಡಿದ್ದರು, ಹಸಿರು ರೇಷ್ಮೆ. ನನ್ನ ಮಗಳು ತಟ್ಟೆ ಇಟ್ಟು ಸೀದಾ ಆ ಮಗ್ಗದ ಪಕ್ಕವೇ ಕೂತಳು. ಕೈ ತಾನಾಗಿ ಅದರ ಮರದ ಮೇಲೆ ಹೋಯಿತು. ಅಜ್ಜ ಅದನ್ನು ನೋಡಿದ, ನಕ್ಕ ಹಾಗೆ ಮಾಡಿದ. ಅಲ್ಲಿಯವರೆಗೆ ಎಲ್ಲ ಸರಿಯಿತ್ತು.

"ಇನ್ನು ಸೋದರಮಾವನ ಮಾತು ಆಗ್ಲಿ" ಅಂದ ಅಜ್ಜ.

"ನನ್ನ ತಕರಾರಿಲ್ಲ!" ಎಂದು ಹೊರಗಿನಿಂದ ತಮ್ಮ ಕೂಗಿದ.

ಅಜ್ಜ ಆ ಕಡೆ ತಿರುಗಲಿಲ್ಲ. "ಬೀದಿಯಿಂದ ಕೂಗೋದು ಸೊಪ್ಪು ಮಾರೋರು" ಅಂದ. ಆಮೇಲೆ ದನಿ ಏರಿಸಿದ. "ಅಲ್ಲಪ್ಪಾ, ತಪ್ಪು ತಿಳ್ಕೋಬೇಡ. ಹೆಣ್ಣು ಕೊಡೋಕೆ ಬಂದೋನು ಅದನ್ನ ಕಟ್ಕೊಂಡು ಬಂದೀಯ. ನಿಂಗೆ ಯಾರ್ ಮೇಲೆ ಹಗೆ? ಹೇಳು, ನಾವೂ ತಿಳ್ಕಳ್ಳಾಣ."



ಅವನು ಏನು ಹೇಳಿಯಾನು? ಹಗೆ ಇದೆ ಎಂದರೆ ಸಂಬಂಧ ಮುರಿಯಿತು. ಇಲ್ಲ ಎಂದರೆ, ಜೀವಭಯ ಎಂದು ಬರೆದುಕೊಟ್ಟ ಅರ್ಜಿ, ನಾಲ್ಕು ವರ್ಷ ಮೆರೆದ ಮೆರವಣಿಗೆ ಎಲ್ಲ ಬರೀ ಗಾಳಿ. ನಾಲ್ಕು ವರ್ಷದಲ್ಲಿ ಅವನನ್ನು ಈ ಪ್ರಶ್ನೆ ಕೇಳಿದವರೆಲ್ಲ ಅವನ ಸೊಂಟ ನೋಡಿ ಅರ್ಧಕ್ಕೆ ನಿಲ್ಲಿಸಿದ್ದರು. ಈ ಮುದುಕನಿಗೆ ಕಣ್ಣು ಮಂಜು, ಅಷ್ಟು ದೂರದ ಸೊಂಟ ಕಾಣುತ್ತಿರಲಿಲ್ಲ.

"ಅದು... ಹಂಗೆ ಹೇಳೋಕಾಗಲ್ಲ ತಾತ" ಎಂಬ ಮಾತು ಬಂತು. ಆಡು ಅರಚಿತು.

ಅಜ್ಜ ತಾಂಬೂಲದ ತಟ್ಟೆಯನ್ನು ಎರಡು ಬೆರಳಿನಿಂದ ನಮ್ಮ ಕಡೆಗೆ ಸರಿಸಿದ. "ಇನ್ನೊಂದ್ ದಿನ ನೋಡಾಣ ತಾಯಿ. ಆತುರ ಏನೈತೆ."

ನಮ್ಮ ಕಡೆ ಇನ್ನೊಂದು ದಿನ ನೋಡೋಣ ಎಂದರೆ ಯಾವ ದಿನವೂ ನೋಡುವುದಿಲ್ಲ ಎಂದು ಅರ್ಥ. ಮಗಳಿಗೂ ಗೊತ್ತಿತ್ತು. ಮಗ್ಗದ ಮರದ ಮೇಲಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಅಳಲಿಲ್ಲ. ಅವಳು ಅಳುವವಳಲ್ಲ. ಕೈ ತೆಗೆದದ್ದು ಸಾಕಾಗಿತ್ತು ನನಗೆ.

ಎದ್ದು ಹೊರಗೆ ಹೋದೆ.

"ಬಿಚ್ಚು" ಅಂದೆ.

"ಅಕ್ಕಾ, ಇಷ್ಟು ಜನದ ಮುಂದೆ..." ದನಿ ಇಳಿದಿತ್ತು. "ಒಳಗೆ ಅದಿಲ್ಲ."

"ಅದಿಲ್ಲ ಅನ್ನೋದು ಗೊತ್ತೈತೆ. ನಿನ್ ಹೆಂಡ್ತಿ ಹೇಳ್ಯಾಳೆ. ಏನೈತೆ?"

ಎರಡೂ ಕಿವಿ ಕೆಂಪಾದವು. "ಮಾನ ಹೋಗ್ತೈತೆ ಅಕ್ಕ" ಅಂದ.

"ಮಾನ ಪೌಚಿನಾಗೆ ಇಟ್ಟಿದ್ರೆ ಅದನ್ನೂ ಸ್ಟೇಷನ್‌ಗೆ ಕೊಟ್ಟು ಬಂದಿರ್ತೀಯ" ಅಂದೆ. ಅವನು ಕೈ ಅಡ್ಡ ತರುವಷ್ಟರಲ್ಲಿ ಪೌಚಿನ ಗುಂಡಿ ಬಿಚ್ಚಿದೆ. ಚಿಕ್ಕವನಿದ್ದಾಗ ಚಡ್ಡಿ ಜೇಬಿನಿಂದ ಕದ್ದ ಬೆಲ್ಲ ಹೀಗೇ ತೆಗೆದಿದ್ದೇನೆ, ನನಗೆ ಅಭ್ಯಾಸ ಇದೆ. ಕರವಸ್ತ್ರದಲ್ಲಿ ಸುತ್ತಿದ ಒಂದು ದಿಂಡು ಬಂತು. ಬಿಚ್ಚಿದೆ. ಕಾಳು ಬಿಡಿಸಿದ ಮೆಕ್ಕೆಜೋಳದ ಬೆಂಡು. ತುದಿಯಲ್ಲಿ ಎರಡು ಮೂರು ಕಾಳು ಹಾಗೇ ಇದ್ದವು, ಆಡಿನ ಮೂಗು ತಪ್ಪಿರಲಿಲ್ಲ.

ಅದನ್ನು ಹಿಡಿದುಕೊಂಡು ಒಳಗೆ ಹೋಗಿ ಅಜ್ಜನ ಮುಂದೆ ತಾಂಬೂಲದ ತಟ್ಟೆಯ ಪಕ್ಕ ಇಟ್ಟೆ.

"ಇದೇ ನೋಡ್ರಿ ನಮ್ಮನೆ ಪಿಸ್ತೂಲು. ನಿಜವಾದ್ದು ಚಳ್ಳಕೆರೆ ಸ್ಟೇಷನ್‌ನಾಗೆ ಬೀಗ ಹಾಕಿ ಇಟ್ಟವ್ರೆ. ನಾನು ಸುಳ್ಳು ಹೇಳಿಲ್ಲ. ಹಗೆ ಗಿಗೆ ಯಾರ ಮೇಲೂ ಇಲ್ಲ. ಇವನ್ನ ಕೊಲ್ಲೋಷ್ಟು ಲೆಕ್ಕಕ್ಕೆ ಇಟ್ಟೋರು ಯಾರೂ ಇಲ್ಲ."

ಅಜ್ಜ ಬೆಂಡನ್ನು ಎತ್ತಿ ಮಂಜುಗಣ್ಣಿನ ಹತ್ತಿರ ಹಿಡಿದ. ತಿರುಗಿಸಿ ನೋಡಿದ. ಅಜ್ಜಿ "ಏಮಿರಾ ಇದಿ" ಎಂದು ತೆಲುಗಿನಲ್ಲಿ ಬಾಗಿಲ ಕಡೆ ಕೇಳಿದಳು, ಏನಯ್ಯಾ ಇದು ಎಂದು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡಳು. ಅದು ಸಾಲದೆ ಗೋಡೆಗೆ ಒರಗಿದಳು. ನಗು ಹೊಟ್ಟೆಯಿಂದ ಎದ್ದು ಬಂತು.

"ಕಾಳಾದ್ರೂ ಬಿಟ್ಟಿದ್ರೆ ಹುರ್ಕಂಡು ತಿನ್ಬೋದಿತ್ತಲ್ಲಪ್ಪಾ!"

"ಇದಕ್ಕೂ ಲೈಸೆನ್ಸ್ ಐತಾ ಕೇಳ್ರಿ" ಅಂದ ಹುಡುಗ. ಅವತ್ತು ಆ ಹುಡುಗ ಆಡಿದ ಮೊದಲ ಮಾತು ಅದು. ನನ್ನ ಮಗಳು ತಲೆ ತಗ್ಗಿಸಿದಳು, ಭುಜ ಕುಲುಕುತ್ತಿತ್ತು.

ಅಜ್ಜ ಮಾತ್ರ ನಗಲಿಲ್ಲ. "ಪಾಪ, ಒಳಗೆ ಕರೀರಿ" ಅಂದ. "ಈ ಮನೇಗೆ ಹಗೆ ಇಲ್ಲ ಅನ್ನೋದು ಗೊತ್ತಾತು."

ತಮ್ಮನಿಗೆ ಇನ್ನು ಉಳಿಸಿಕೊಳ್ಳಲು ಏನೂ ಇರಲಿಲ್ಲ. ಎದ್ದು ಬೆಲ್ಟು ಬಿಚ್ಚಿದ, ಪೌಚಿನ ಸಮೇತ ಆಡಿನ ಗೂಟಕ್ಕೆ ನೇತುಹಾಕಿದ. ಹೊಸಿಲು ದಾಟಿದ. ದಾಟಿದ ಕೂಡಲೇ ಪ್ಯಾಂಟು ಜಾರಿತು. ನಾಲ್ಕು ವರ್ಷ ಆ ಭಾರಕ್ಕೆಂದು ಒಂದು ಅಳತೆ ದೊಡ್ಡದಾಗಿ ಹೊಲಿಸುತ್ತಿದ್ದನಂತೆ. ಎಡಗೈಯಲ್ಲಿ ಪ್ಯಾಂಟು ಹಿಡಿದುಕೊಂಡ. ತಾಂಬೂಲ ಒಂದು ಕೈಯಲ್ಲಿ ಕೊಡುವ ಹಾಗಿಲ್ಲ, ಎರಡು ಕೈ ಬೇಕು. ಬಲಗೈ ತಟ್ಟೆಯ ಕಡೆ, ಎಡಗೈ ಸೊಂಟದ ಕಡೆ, ಕಣ್ಣು ನನ್ನ ಕಡೆ.

ಅಜ್ಜಿ ಗೂಡಿನಿಂದ ಹಾಸಿನ ತುದಿ ಕತ್ತರಿಸಿದ ದಾರದ ಚೂರುಗಳನ್ನು ತೆಗೆದಳು. ನೇಯ್ದು ಉಳಿದದ್ದು, ಯಾವುದಕ್ಕೂ ಬಾರದ್ದು. ಹೊಸೆದು ಹುರಿ ಮಾಡಿ ಕೈಗೆ ಕೊಟ್ಟಳು. "ಕಟ್ಕೋ. ಇದು ಚುಚ್ಚಲ್ಲ" ಅಂದಳು. ಅವನು ಸೊಂಟಕ್ಕೆ ಕಟ್ಟಿಕೊಂಡ. ಕೆಂಪು, ಹಳದಿ, ನೀಲಿ ಎಲ್ಲ ಬೆರೆತ ರೇಷ್ಮೆ ಹುರಿ, ಬಿಳಿ ಅಂಗಿಯ ಮೇಲೆ. ಚಕ್ಕಳಮಕ್ಕಳ ಹಾಕಿ ಕೂತ. ಎಷ್ಟು ವರ್ಷದ ಮೇಲೆ ಹಾಗೆ ಕೂತನೋ, ಮಂಡಿ ಲಟಕ್ಕೆಂದಿತು. ಮಗ್ಗದ ಮುಂದೆ ಎರಡು ಕೈಯಲ್ಲಿ ತಟ್ಟೆ ಎತ್ತಿ "ಬೇರೆ ಕಡೆ ಕೊಡೋದಕ್ಕೆ ನನ್ನ ತಕರಾರಿಲ್ಲ" ಎಂದ. ದನಿ ಸಣ್ಣದಿತ್ತು. ಕೇಳಿಸಿತು, ಸಾಕು.

ವಾಪಸ್ ಬರುವಾಗ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದ. ಬಸ್ಸು ಹತ್ತುವಾಗ ಒಂದು ಮಾತು ಹೇಳಿದ: "ಒಡಹುಟ್ಟಿದೋಳು ಮಾಡೋ ಕೆಲಸ ಅಲ್ಲ ಇದು."

"ಒಡಹುಟ್ಟಿದೋಳೇ ಮಾಡ್ಬೇಕು. ಬೇರೆಯೋರು ಮಾಡಿದ್ರೆ ಜಗಳ ಆಗ್ತೈತೆ" ಅಂದೆ. ನನಗೆ ಆಗಲೂ ಬೇಜಾರಿರಲಿಲ್ಲ, ಈಗಲೂ ಇಲ್ಲ. ಅವನ ಮಾನ ಒಂದು ಕಡೆ, ನನ್ನ ಮಗಳ ಮಗ್ಗ ಒಂದು ಕಡೆ. ತೂಗುವುದಕ್ಕೆ ತಕ್ಕಡಿ ಬೇಕಿರಲಿಲ್ಲ.

ಮದುವೆಯನ್ನು ಎಣಿಕೆಗೆ ಮೊದಲೇ ಮುಗಿಸಬೇಕೆಂದು ನಾನು ಹಠ ಹಿಡಿದೆ. ಒಳ್ಳೆಯ ದಿನ ಮುಂದಿನ ತಿಂಗಳು ಇದೆ ಎಂದು ಪುರೋಹಿತರು ಅಂದರು. ಇದಕ್ಕಿಂತ ಒಳ್ಳೆಯ ದಿನ ನನಗೆ ಬೇಡ ಎಂದೆ. ತಮ್ಮ ಬರುತ್ತಾನೋ ಇಲ್ಲವೋ ಎಂದಿದ್ದೆ. ಬಂದ. ಬರದಿದ್ದರೆ ಬೆಂಡಿನ ಕತೆ ಇನ್ನೂ ನಾಲ್ಕು ಊರು ಸುತ್ತುತ್ತಿತ್ತು, ಅದು ಅವನಿಗೂ ಗೊತ್ತು. ಪಂಚೆ ಉಟ್ಟಿದ್ದ. ಸೋದರಮಾವನ ಶಾಸ್ತ್ರಕ್ಕೆ ಹುಡುಗಿಯನ್ನು ಎತ್ತಿಕೊಂಡು ಹಸೆಗೆ ತಂದ. ಏದುಸಿರು ಬಿಟ್ಟ, ಬೀಳಿಸಲಿಲ್ಲ. ನೆಲದ ಪಂಕ್ತಿಯಲ್ಲಿ ಕೂತು ಎರಡು ಸಲ ಸಾರು ಹಾಕಿಸಿಕೊಂಡ.

ಎಣಿಕೆ ಮುಗಿದ ಮೇಲೆ ಠಾಣೆಯಿಂದ ಪಿಸ್ತೂಲು ವಾಪಸ್ ತಂದನಂತೆ. ಚಳ್ಳಕೆರೆಯಲ್ಲಿ ಈಗಲೂ ಕಟ್ಟಿಕೊಂಡೇ ತಿರುಗುತ್ತಾನೆ, ಹೆಂಡತಿ ಈಗಲೂ ಪೌಡರು ಹಚ್ಚುತ್ತಾಳೆ. ಮೊಳಕಾಲ್ಮೂರಿಗೆ ಮಾತ್ರ ಒಂದೇ ಒಂದು ಸಲ ಕಟ್ಟಿಕೊಂಡು ಬಂದ. ನಿಜವಾದ್ದೇ ಇತ್ತು, ಗುಂಡು ತುಂಬಿದ್ದು. ಬಸ್ಸಿಳಿದ ಕೂಡಲೇ ಗೂಡಂಗಡಿಯವನು "ಏನಣ್ಣ, ಈ ಸಲ ಜೋಳದ ಬೆಳೆ ಹೆಂಗೈತೆ?" ಎಂದು ಕೇಳಿದ. ಸೊಪ್ಪು ಮಾರುವವಳು ಸೀದಾ ಹತ್ತಿರ ಬಂದು ಪೌಚನ್ನು ಬೆರಳಿನಿಂದ ತಟ್ಟಿ ನೋಡಿದಳು. ನಾಲ್ಕು ವರ್ಷ ಯಾರೂ ಹತ್ತಿರ ಬರದಿದ್ದ ಸೊಂಟ ಅದು. ಅವನು ನನ್ನ ಮನೆಗೆ ಬಂದು, ಬಿಚ್ಚಿ ಅಕ್ಕಿ ಡಬ್ಬದೊಳಗೆ ಹೂತಿಟ್ಟ. ಹೋಗುವಾಗ ಅದನ್ನು ಬ್ಯಾಗಿನ ತಳದಲ್ಲಿ ಹಾಕಿಕೊಂಡು ಹೋದ.

ಮೊನ್ನೆ ಮಗಳ ಮನೆಗೆ ನಾವಿಬ್ಬರೂ ಹೋಗಿದ್ದೆವು. ಕಿಟಕಿಯ ಕಡೆ ಮಗ್ಗದಲ್ಲಿ ಅವಳು ಕೂತಿದ್ದಳು, ನಮ್ಮನ್ನು ನೋಡಿ ಏಳಲಿಲ್ಲ, ಸಾಲು ಮುಗಿಯಬೇಕಿತ್ತು. ತಮ್ಮ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು ಚಾಪೆಯ ಮೇಲೆ ಕೂತ. ಕಣ್ಣು ಗೂಡಿನ ಕಡೆ ಹೋಯಿತು. ಅಲ್ಲಿ ಮಗ್ಗಕ್ಕೆ ಹಾಕುವ ಎಣ್ಣೆಯ ಬಾಟಲಿ. ಮುಚ್ಚಳ ಕಳೆದುಹೋಗಿ, ಅದರ ಬಾಯಿಗೆ ಆ ಮೆಕ್ಕೆಜೋಳದ ಬೆಂಡನ್ನೇ ತುಂಡು ಮಾಡಿ ಬೂಚು ಹಾಕಿದ್ದಳು. ಎಣ್ಣೆ ಕುಡಿದು ಕರ್ರಗಾಗಿತ್ತು.

ಆಮೇಲೆ ಕೇಳಿದ. "ಅಲ್ಲಮ್ಮಾ, ಅದಕ್ಕೆ ಬೇರೆ ಮುಚ್ಚಳ ಸಿಗ್ಲಿಲ್ವಾ?"

ಮಗಳು ಲಾಳಿ ನಿಲ್ಲಿಸಲಿಲ್ಲ. "ಸಿಕ್ತು ಮಾವ. ಅವೆಲ್ಲ ಸಡಿಲ ಆಗ್ತಾವೆ. ಇದು ಬಿಗಿಯಾಗಿ ಕೂತೈತೆ."